ಮರುಕಳಿಸುವ ಹ್ಯಾಮ್‌ಸ್ಟ್ರಿಂಗ್ ಗಾಯ: ಚಿಕಿತ್ಸೆ ಮತ್ತು ತಡೆಯ ಇತಿಹಾಸ

ಕೂತಾಗ ನೆಲಕ್ಕೆ ಒತ್ತುವ ಪೃಷ್ಠದ ಮೂಳೆಯಿಂದ ಹೊರಟು, ತೊಡೆಯ ಹಿಂಬದಿಯಲ್ಲಿ ಇಳಿದು, ಮಂಡಿಯ ಕೆಳಗೆ ಅಂಟಿಕೊಳ್ಳುವ ಸ್ನಾಯುಗಳ ಗುಂಪೇ ಹ್ಯಾಮ್‌ಸ್ಟ್ರಿಂಗ್. ಹೊರಬದಿಯಲ್ಲಿ ಬೈಸೆಪ್ಸ್ ಫೆಮೊರಿಸ್, ಒಳಬದಿಯಲ್ಲಿ ಸೆಮಿಟೆಂಡಿನೋಸಸ್ ಮತ್ತು ಸೆಮಿಮೆಂಬ್ರನೋಸಸ್ ಎಂಬ ಸ್ನಾಯುಗಳಿವೆ. ವೇಗದ ಓಟಗಾರನ ಕಾಲು ಮುಂದಕ್ಕೆ ಬೀಸಿ ಇನ್ನೇನು ನೆಲ ಮುಟ್ಟಬೇಕು ಎನ್ನುವ ಕ್ಷಣದಲ್ಲಿ ಈ ಸ್ನಾಯುಗಳು ಉದ್ದವಾಗುತ್ತಲೇ ಕಾಲಿನ ರಭಸವನ್ನು ತಡೆದು ಹಿಡಿಯಬೇಕಾಗುತ್ತದೆ. ಎಳೆಗಳು ಹೆಚ್ಚಾಗಿ ಹರಿಯುವುದು ಆಗಲೇ. ಅದರಲ್ಲೂ ಬೈಸೆಪ್ಸ್ ಫೆಮೊರಿಸ್‌ನ ಉದ್ದನೆಯ ಭಾಗಕ್ಕೆ ಪೆಟ್ಟು ಹೆಚ್ಚು. 2017ರ ಲಂಡನ್ ವಿಶ್ವ ಅಥ್ಲೆಟಿಕ್ಸ್‌ನಲ್ಲಿ ಉಸೇನ್ ಬೋಲ್ಟ್ ತಮ್ಮ ಕೊನೆಯ ರಿಲೇಯಲ್ಲಿ ಎಡ ತೊಡೆ ಹಿಡಿದುಕೊಂಡು ಟ್ರ್ಯಾಕ್ ಮೇಲೆ ಕುಸಿದ ದೃಶ್ಯವನ್ನು ಜಗತ್ತೇ ನೋಡಿತು.

ಒಮ್ಮೆ ಆದವರಿಗೆ ಮತ್ತೆ ಆಗುವುದೇ ಈ ಗಾಯದ ದೊಡ್ಡ ಕಾಟ. ವಯಸ್ಸು, ಬಲದ ಕೊರತೆ, ದಣಿವು ಎಂದು ಅಪಾಯದ ಕಾರಣಗಳನ್ನು ಎಷ್ಟೇ ಪಟ್ಟಿ ಮಾಡಿದರೂ ಹಳೆಯ ಗಾಯದಷ್ಟು ಬಲವಾದ ಮುನ್ಸೂಚನೆ ಬೇರೆ ಸಿಕ್ಕಿಲ್ಲ. ದೋಹಾದ ಆಸ್ಪೆಟಾರ್ ಆಸ್ಪತ್ರೆಯ ಸಂಶೋಧಕರು 2016ರಲ್ಲಿ ಪ್ರಕಟಿಸಿದ ಎಂಆರ್‌ಐ ಅಧ್ಯಯನದಲ್ಲಿ ಮರುಗಾಯಗಳ ಪೈಕಿ ಶೇ 79ರಷ್ಟು ಮೊದಲಿನ ಜಾಗದಲ್ಲೇ ಆಗಿದ್ದವು. ಅರ್ಧಕ್ಕಿಂತ ಹೆಚ್ಚು ಮರುಗಾಯಗಳು ಆಟಕ್ಕೆ ಮರಳಿದ 25 ದಿನಗಳೊಳಗೇ ಆಗಿದ್ದವು.

ಇಪ್ಪತ್ತನೆಯ ಶತಮಾನದ ಬಹುಕಾಲ ಇದಕ್ಕೆ ಮದ್ದು ಎಂದರೆ ವಿಶ್ರಾಂತಿ. 1978ರಲ್ಲಿ ಅಮೆರಿಕದ ವೈದ್ಯ ಗೇಬ್ ಮರ್ಕಿನ್ ವಿಶ್ರಾಂತಿ, ಐಸ್, ಬಿಗಿಪಟ್ಟಿ, ಕಾಲೆತ್ತಿಡುವುದು ಎಂಬ ನಾಲ್ಕರ ಇಂಗ್ಲಿಷ್ ಮೊದಲಕ್ಷರಗಳನ್ನು ಸೇರಿಸಿ ‘ರೈಸ್’ ಎಂಬ ಸೂತ್ರ ಕೊಟ್ಟರು; ಅದು ಮೈದಾನಗಳಲ್ಲೆಲ್ಲ ಮನೆಮಾತಾಯಿತು. (ಐಸ್ ಗಾಯ ಮಾಯುವುದನ್ನು ನಿಧಾನಗೊಳಿಸಬಹುದು ಎಂದು 2014ರಲ್ಲಿ ಅವರೇ ಬರೆದರು. ಅಷ್ಟು ಹೊತ್ತಿಗೆ ಸೂತ್ರ ಅವರ ಕೈ ಮೀರಿ ಹೋಗಿತ್ತು.) ನೋವು ಇಳಿದ ಮೇಲೆ ಸ್ನಾಯುವನ್ನು ಎಳೆದು ಹಿಡಿಯುವ ಸ್ಟ್ರೆಚಿಂಗ್, ಆಮೇಲೆ ಜಿಮ್‌ನಲ್ಲಿ ಮಂಡಿ ಮಡಚುವ ಯಂತ್ರ, ಇಷ್ಟೇ ಕ್ರಮ. ಸ್ನಾಯು ಬಿಗಿಯಾಗಿದ್ದುದರಿಂದಲೇ ಹರಿಯಿತು ಎಂಬ ನಂಬಿಕೆ ಇದರ ಹಿಂದಿತ್ತು.

ಈ ನಂಬಿಕೆಗೆ ಬಲವಾದ ಪೆಟ್ಟು ಕೊಟ್ಟಿದ್ದು ಒಂದು ಪುಟ್ಟ ಪ್ರಯೋಗ. ಅಮೆರಿಕದ ಮಾರ್ಕ್ ಶೆರ್ರಿ ಮತ್ತು ಥಾಮಸ್ ಬೆಸ್ಟ್ 24 ಕ್ರೀಡಾಪಟುಗಳನ್ನು ಎರಡು ಗುಂಪು ಮಾಡಿ 2004ರಲ್ಲಿ ಫಲಿತಾಂಶ ಪ್ರಕಟಿಸಿದರು. ಒಂದು ಗುಂಪಿಗೆ ರೂಢಿಯ ಸ್ಟ್ರೆಚಿಂಗ್ ಮತ್ತು ಬಲವರ್ಧನೆ. ಇನ್ನೊಂದಕ್ಕೆ ಅಡ್ಡ ಹೆಜ್ಜೆ, ದಿಕ್ಕು ಬದಲಿಸುವ ನಡೆ, ಸೊಂಟ ಮತ್ತು ಹೊಟ್ಟೆಯ ಹಿಡಿತ ಗಟ್ಟಿಮಾಡುವ ವ್ಯಾಯಾಮ. ಆಟಕ್ಕೆ ಮರಳಿದ ಎರಡು ವಾರದೊಳಗೆ ಮೊದಲ ಗುಂಪಿನ 11 ಮಂದಿಯಲ್ಲಿ ಆರು ಜನರಿಗೆ ಮತ್ತೆ ಗಾಯವಾಯಿತು. ಎರಡನೆಯ ಗುಂಪಿನ 13 ಮಂದಿಯಲ್ಲಿ ಒಬ್ಬರಿಗೂ ಆಗಲಿಲ್ಲ. ಸಂಖ್ಯೆ ಚಿಕ್ಕದು, ನಿಜ. ಆದರೂ ಈ ಅಂತರವನ್ನು ಕಡೆಗಣಿಸುವಂತಿರಲಿಲ್ಲ.

ಇದೇ ಕಾಲದಲ್ಲಿ ಸ್ವೀಡನ್ನಿನ ಕಾರ್ಲ್ ಆಸ್ಕ್ಲಿಂಗ್ ಎಲ್ಲ ಹ್ಯಾಮ್‌ಸ್ಟ್ರಿಂಗ್ ಗಾಯಗಳೂ ಒಂದೇ ಅಲ್ಲ ಎಂದು ತೋರಿಸಿದರು. ಓಡುವಾಗ ಗಾಯಗೊಂಡ ಸ್ಪ್ರಿಂಟರ್‌ಗಳನ್ನೂ, ಕಾಲನ್ನು ನಿಧಾನವಾಗಿ ಪೂರ್ತಿ ಚಾಚುವಾಗ ಗಾಯಗೊಂಡ ನೃತ್ಯಗಾರರನ್ನೂ ಅವರು ಹೋಲಿಸಿದರು. ಸ್ಪ್ರಿಂಟರ್‌ಗಳ ಗಾಯ ಮೊದಮೊದಲು ಜೋರಾಗಿ ಕಂಡರೂ ಬೇಗ ವಾಸಿಯಾಯಿತು. ನೃತ್ಯಗಾರರದು ಸಣ್ಣದೆಂದು ತೋರಿದರೂ ತಿಂಗಳುಗಟ್ಟಲೆ ಎಳೆಯಿತು. 2013ರಲ್ಲಿ ಅವರು 75 ಫುಟ್‌ಬಾಲ್ ಆಟಗಾರರ ಮೇಲೆ ಮಾಡಿದ ಪ್ರಯೋಗ ಪ್ರಕಟವಾಯಿತು. ಸ್ನಾಯು ಉದ್ದವಾಗುತ್ತಾ ಭಾರ ತಾಳುವ ಮೂರು ವ್ಯಾಯಾಮ ಮಾಡಿದವರು ಸರಾಸರಿ 28 ದಿನಕ್ಕೆ ಅಭ್ಯಾಸಕ್ಕೆ ಮರಳಿದರೆ, ರೂಢಿಯ ಕ್ರಮ ಅನುಸರಿಸಿದವರಿಗೆ 51 ದಿನ ಬೇಕಾಯಿತು.

ಆಟಗಾರ ಮರಳಲು ಸಿದ್ಧನೇ ಎಂದು ತಿಳಿಯಲು ಆಸ್ಕ್ಲಿಂಗ್ ರೂಪಿಸಿದ ಪರೀಕ್ಷೆಯೂ ಸರಳ. ಆಟಗಾರ ಅಂಗಾತ ಮಲಗುತ್ತಾನೆ. ಗಾಯವಾದ ಕಾಲಿನ ಮಂಡಿ ಮಡಚದಂತೆ ಪಟ್ಟಿ ಹಾಕಿ, ಇನ್ನೊಂದು ಕಾಲನ್ನು ಕಟ್ಟಿ ಹಿಡಿಯುತ್ತಾರೆ. ನೆಟ್ಟಗಿರುವ ಕಾಲನ್ನು ಎಷ್ಟು ವೇಗವಾಗಿ ಸಾಧ್ಯವೋ ಅಷ್ಟು ವೇಗವಾಗಿ ಮೇಲಕ್ಕೆ ಬೀಸಬೇಕು. ನೋವಾಗದಿದ್ದರೂ ‘ಎಲ್ಲಿ ಹರಿದೀತೋ’ ಎಂಬ ಅಳುಕು ಬಂದರೆ ಇನ್ನೂ ಕೆಲವು ದಿನ ವ್ಯಾಯಾಮ ಮುಂದುವರಿಸಬೇಕು. ಎಂಆರ್‌ಐಗಿಂತ ಈ ಅಳುಕೇ ಹೆಚ್ಚು ಕೆಲಸಕ್ಕೆ ಬಂದಿದೆ ಎನ್ನಬೇಕು. ನೆದರ್ಲೆಂಡ್ಸ್‌ನ ಒಂದು ಅಧ್ಯಯನದಲ್ಲಿ, ವಾಸಿಯಾಗಿ ಆಟಕ್ಕೆ ಮರಳಿದವರಲ್ಲಿ ಶೇ 89 ಮಂದಿಯ ಎಂಆರ್‌ಐನಲ್ಲಿ ಗಾಯದ ಗುರುತು ಇನ್ನೂ ಇತ್ತು.

ಗಾಯವಾಗುವ ಮೊದಲೇ ತಡೆಯುವ ಮಾತು ಬಂದರೆ ‘ನಾರ್ಡಿಕ್’ ವ್ಯಾಯಾಮದ್ದೇ ಮೊದಲ ಹೆಸರು. ಮಂಡಿಯೂರಿ ಕುಳಿತವನ ಹಿಮ್ಮಡಿಗಳನ್ನು ಜೊತೆಗಾರ ಅದುಮಿ ಹಿಡಿಯುತ್ತಾನೆ. ಕುಳಿತವನು ಸೊಂಟ ಬಗ್ಗಿಸದೆ, ತೊಡೆಯ ಹಿಂಬದಿಯ ಬಲದಿಂದಲೇ ಮೈಯನ್ನು ತಡೆಯುತ್ತಾ ನಿಧಾನವಾಗಿ ಮುಂದಕ್ಕೆ ಬಾಗಿ, ಕೊನೆಗೆ ಎರಡೂ ಅಂಗೈಗಳನ್ನು ನೆಲಕ್ಕೂರುತ್ತಾನೆ. ಯಂತ್ರ ಬೇಡ, ಖರ್ಚಿಲ್ಲ. ಡೆನ್ಮಾರ್ಕಿನ 50 ತಂಡಗಳ 942 ಫುಟ್‌ಬಾಲ್ ಆಟಗಾರರ ಮೇಲೆ ನಡೆದು 2011ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಇದನ್ನು ಹತ್ತು ವಾರ ಮಾಡಿದ ಗುಂಪಿಗೆ 15 ಗಾಯಗಳಾದರೆ, ಮಾಡದ ಗುಂಪಿಗೆ 52 ಆದವು. ಮರುಗಾಯಗಳಲ್ಲಿ ಇಳಿಕೆ ಇನ್ನೂ ಹೆಚ್ಚು. ಈ ವ್ಯಾಯಾಮ ಸ್ನಾಯುವಿನ ಎಳೆಕಟ್ಟುಗಳನ್ನು ಉದ್ದವಾಗಿಸುತ್ತದೆ, ಗಿಡ್ಡ ಎಳೆಕಟ್ಟುಗಳಿರುವವರಿಗೆ ಗಾಯದ ಅಪಾಯ ಹೆಚ್ಚು ಎಂಬುದು ಮುಂದೆ ಆಸ್ಟ್ರೇಲಿಯಾದ ಸಂಶೋಧಕರ ಅಲ್ಟ್ರಾಸೌಂಡ್ ಅಳತೆಗಳಿಂದ ತಿಳಿಯಿತು.

ಗಾಯವಾದ ಮೇಲೆ ವ್ಯಾಯಾಮವನ್ನು ಎಷ್ಟು ಬೇಗ ಶುರುಮಾಡಬೇಕು ಎಂಬ ಪ್ರಶ್ನೆಗೆ 2017ರಲ್ಲಿ ಮತ್ತೆ ಡೆನ್ಮಾರ್ಕಿನಿಂದಲೇ ಉತ್ತರ ಬಂತು. ತೊಡೆ ಅಥವಾ ಮೀನಖಂಡದ ಸ್ನಾಯು ಹರಿದ 50 ಹವ್ಯಾಸಿ ಆಟಗಾರರಲ್ಲಿ, ಎರಡನೆಯ ದಿನವೇ ವ್ಯಾಯಾಮ ಆರಂಭಿಸಿದವರು ಒಂಬತ್ತನೆಯ ದಿನ ಆರಂಭಿಸಿದವರಿಗಿಂತ ಸುಮಾರು ಮೂರು ವಾರ ಮೊದಲೇ ಮೈದಾನಕ್ಕಿಳಿದರು. ಆಟಗಾರನ ರಕ್ತದಿಂದಲೇ ತೆಗೆದ ಪ್ಲೇಟ್‌ಲೆಟ್ ಸಾರವನ್ನು ಚುಚ್ಚುವ ದುಬಾರಿ ಪಿಆರ್‌ಪಿ ಚಿಕಿತ್ಸೆಗೆ ಈ ಅದೃಷ್ಟ ಇರಲಿಲ್ಲ: 2014ರ ಡಚ್ ಪ್ರಯೋಗದಲ್ಲಿ ಅದು ಉಪ್ಪುನೀರಿನ ಚುಚ್ಚುಮದ್ದಿಗಿಂತ ಮೇಲೆನಿಸಲಿಲ್ಲ.

ಭಾರತದಲ್ಲಿ ಈ ಗಾಯ ಸುದ್ದಿಯಾಗುವುದು ಹೆಚ್ಚಾಗಿ ಕ್ರಿಕೆಟ್‌ನಿಂದ. 2020ರ ಐಪಿಎಲ್ ವೇಳೆ ಹ್ಯಾಮ್‌ಸ್ಟ್ರಿಂಗ್ ಗಾಯಕ್ಕೊಳಗಾದ ರೋಹಿತ್ ಶರ್ಮಾ ಬೆಂಗಳೂರಿನ ರಾಷ್ಟ್ರೀಯ ಕ್ರಿಕೆಟ್ ಅಕಾಡೆಮಿಯಲ್ಲಿ ಪುನಶ್ಚೇತನ ಮುಗಿಸಿ ಆಸ್ಟ್ರೇಲಿಯಾಕ್ಕೆ ಹೋದರು. 2021ರ ಡಿಸೆಂಬರ್‌ನಲ್ಲಿ ಮುಂಬೈಯಲ್ಲಿ ಅಭ್ಯಾಸ ಮಾಡುವಾಗ ಮತ್ತೆ ಹ್ಯಾಮ್‌ಸ್ಟ್ರಿಂಗ್ ಗಾಯವಾಗಿ ದಕ್ಷಿಣ ಆಫ್ರಿಕಾದ ಟೆಸ್ಟ್ ಸರಣಿ ತಪ್ಪಿತು.

ಇಷ್ಟೆಲ್ಲ ತಿಳಿದ ಮೇಲೂ ಗಾಯಗಳು ಇಳಿದಿಲ್ಲ. ಯುರೋಪಿನ ವೃತ್ತಿಪರ ಪುರುಷರ ಫುಟ್‌ಬಾಲ್‌ನಲ್ಲಿ 2001–02ರಲ್ಲಿ ಒಟ್ಟು ಗಾಯಗಳ ಶೇ 12ರಷ್ಟಿದ್ದ ಹ್ಯಾಮ್‌ಸ್ಟ್ರಿಂಗ್ ಪಾಲು 2021–22ಕ್ಕೆ ಶೇ 24 ಆಯಿತು. ಈ ಅವಧಿಯ ಹ್ಯಾಮ್‌ಸ್ಟ್ರಿಂಗ್ ಗಾಯಗಳಲ್ಲಿ ಶೇ 18 ಮರುಕಳಿಸಿದವು. ಆಟ ಹಿಂದಿಗಿಂತ ವೇಗವಾಗಿದೆ, ಪಂದ್ಯಗಳ ನಡುವಿನ ಬಿಡುವು ಕಡಿಮೆಯಾಗಿದೆ. ಆದರೆ ಇನ್ನೊಂದು ಕಾರಣ 2015ರಲ್ಲೇ ಬಯಲಾಗಿತ್ತು. ಚಾಂಪಿಯನ್ಸ್ ಲೀಗ್ ಮತ್ತು ನಾರ್ವೆಯ 50 ಕ್ಲಬ್‌ಗಳನ್ನು ವಿಚಾರಿಸಿ, ಒಂದು ಕ್ಲಬ್‌ನ ಒಂದು ಋತುವನ್ನು ಒಂದು ಪ್ರಕರಣವೆಂದು ಎಣಿಸಿದಾಗ, ಶೇ 83ರಷ್ಟು ಪ್ರಕರಣಗಳಲ್ಲಿ ನಾರ್ಡಿಕ್ ವ್ಯಾಯಾಮವನ್ನು ಮಾಡಿಸಿಯೇ ಇರಲಿಲ್ಲ, ಇಲ್ಲವೇ ಹೇಳಿದಷ್ಟು ಮಾಡಿಸಿರಲಿಲ್ಲ. ಮೊದಮೊದಲು ಈ ವ್ಯಾಯಾಮ ಮಾಡಿದ ಮರುದಿನ ತೊಡೆ ಹಿಡಿದುಕೊಳ್ಳುತ್ತದೆ. ವಾರಕ್ಕೆರಡು ಪಂದ್ಯವಿರುವ ತಂಡದ ಕೋಚ್‌ಗೆ ಅದು ಬೇಡದ ತಲೆನೋವು.