ನೋಯದ ಪಾದ

ನಮ್ಮ ಹೆಣ್ಣುಮಕ್ಕಳ ಕಾಲಿನ ದೂರುಗಳಿಗೆ ಕೊನೆಯಿಲ್ಲ. ಚಳಿಗಾಲ ಬಂತೆಂದರೆ ಒಡೆಯುವ ಹಿಮ್ಮಡಿ, ಅಂಗಾಲಿನ ಆಣಿ, ನೀರಿನಲ್ಲಿ ನಿಂತು ನಿಂತು ನವೆಯಾಗುವ ಬೆರಳ ಸಂದಿ, ಒಳಕ್ಕೆ ಬೆಳೆದು ಚುಚ್ಚುವ ಹೆಬ್ಬೆರಳ ಉಗುರು. ಕೊಬ್ಬರಿ ಎಣ್ಣೆಯೋ ಅರಿಶಿನವೋ ಹಚ್ಚಿ ಮಲಗಿಬಿಡುತ್ತೇವೆ. ತಡೆಯಲಾರದಷ್ಟು ನೋವಾದರೆ ಮಾತ್ರ ಡಾಕ್ಟರು. ನೋಯದ ಹುಣ್ಣನ್ನು ಯಾರು ಲೆಕ್ಕಕ್ಕಿಡುತ್ತಾರೆ? ಈ ಲೆಕ್ಕವನ್ನೇ ತಲೆಕೆಳಗು ಮಾಡಿದ ಕೆಲಸ ನಡೆದದ್ದು ಇಲ್ಲೇ ಪಕ್ಕದ ವೆಲ್ಲೂರಿನಲ್ಲಿ.

ಪಾಲ್ ಬ್ರ್ಯಾಂಡ್ ಹುಟ್ಟಿದ್ದು 1914ರಲ್ಲಿ, ತಮಿಳುನಾಡಿನ ಕೊಲ್ಲಿಮಲೆಯಲ್ಲಿದ್ದ ಮಿಷನರಿ ದಂಪತಿಗಳ ಮಗನಾಗಿ. ಇಂಗ್ಲೆಂಡಿನಲ್ಲಿ ಶಸ್ತ್ರಚಿಕಿತ್ಸೆ ಕಲಿತು 1946ರಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿಗೆ ಬಂದರು. ಮರುವರ್ಷ ಚೆಂಗಲ್ಪಟ್ಟಿನ ಕುಷ್ಠರೋಗಿಗಳ ಆಸ್ಪತ್ರೆಯನ್ನು ನೋಡಿದ ಮೇಲೆ ಅವರ ಬದುಕಿನ ದಾರಿಯೇ ಬದಲಾಯಿತು. ಕುಷ್ಠದಲ್ಲಿ ಮಾಂಸ ತಾನಾಗಿಯೇ ಕೊಳೆತು ಬೆರಳು ಉದುರುತ್ತವೆ ಎಂದು ಅನೇಕ ವೈದ್ಯರೂ ನಂಬಿದ್ದ ಕಾಲವದು. ಬ್ರ್ಯಾಂಡ್ ಕಂಡದ್ದೇ ಬೇರೆ. ಹುಣ್ಣಾದ ಪಾದಕ್ಕೆ ಪ್ಲಾಸ್ಟರ್ ಕಟ್ಟಿದರೆ ಅದು ಎಲ್ಲರಿಗೂ ಮಾಯುವಂತೆಯೇ ಮಾಯುತ್ತಿತ್ತು. ಬಿಚ್ಚಿ ಓಡಾಡತೊಡಗಿದರೆ ಮತ್ತೆ ಹುಣ್ಣು! ತಪ್ಪು ಮಾಂಸದ್ದಲ್ಲ, ಸತ್ತ ನರದ್ದು. ಚಪ್ಪಲಿಯಲ್ಲೊಂದು ಕಲ್ಲು ಸೇರಿದರೆ ನಾವು ನಮಗೇ ಗೊತ್ತಿಲ್ಲದಂತೆ ಕುಂಟುತ್ತೇವೆ, ಭಾರ ಆಚೆಗೆ ಹಾಕುತ್ತೇವೆ. ಅರಿವಿಲ್ಲದ ಪಾದ ಕುಂಟುವುದಿಲ್ಲ. ಅದೇ ಜಾಗದ ಮೇಲೆ ಸಾವಿರ ಹೆಜ್ಜೆ ಊರುತ್ತದೆ. ಅಂಥವರಿಗಾಗಿ ಮೆತ್ತನೆಯ ರಬ್ಬರಿನ ಚಪ್ಪಲಿಗಳು ಬಂದವು.

ಒಮ್ಮೆ ಅವರು ದೂರಪ್ರಯಾಣ ಮುಗಿಸಿ ಲಂಡನ್ನಿನಲ್ಲಿ ಇಳಿದಿದ್ದರು. ರಾತ್ರಿ ಕಾಲುಚೀಲ ಕಳಚುವಾಗ ಹಿಮ್ಮಡಿಯಲ್ಲಿ ಸ್ಪರ್ಶವೇ ಇಲ್ಲ. ಸೂಜಿ ಚುಚ್ಚಿಕೊಂಡರು, ನೋವಿಲ್ಲ. ತನಗೂ ಕುಷ್ಠ ತಗುಲಿತೆಂದು ರಾತ್ರಿಯಿಡೀ ನಿದ್ದೆಯಿಲ್ಲ. ಬೆಳಗ್ಗೆ ಮತ್ತೆ ಚುಚ್ಚಿಕೊಂಡಾಗ ನೋವಿಗೆ ಕೂಗಿಕೊಂಡರು. ರೈಲಿನಲ್ಲಿ ಮುದುರಿ ಕುಳಿತು ಕಾಲು ಮರಗಟ್ಟಿತ್ತು, ಅಷ್ಟೆ. ನೋವಾಯಿತೆಂದು ದೇವರಿಗೆ ಕೈಮುಗಿದ ಡಾಕ್ಟರು ಇನ್ನೊಬ್ಬರಿರಲಾರರು!

1966ರಲ್ಲಿ ಅವರು ಅಮೆರಿಕದ ಕಾರ್ವಿಲ್ ಆಸ್ಪತ್ರೆಗೆ ಹೋದರು. ಅಲ್ಲಿ ಸಕ್ಕರೆ ಕಾಯಿಲೆಯವರ ಪಾದಗಳಲ್ಲೂ ವೆಲ್ಲೂರಿನ ಅದೇ ಹುಣ್ಣುಗಳು ಕಂಡವು. ರಕ್ತದಲ್ಲಿ ಸಕ್ಕರೆ ವರ್ಷಗಟ್ಟಲೆ ಏರಿಯೇ ಇದ್ದರೆ ಅದೂ ಪಾದದ ನರಗಳನ್ನು ಕೊಲ್ಲುತ್ತದೆ. ಬ್ರ್ಯಾಂಡ್ 2003ರಲ್ಲಿ ತೀರಿಕೊಂಡರು. ಅವರು ಕಂಡುಕೊಂಡದ್ದು ಈಗ ನಮ್ಮ ಮನೆಮನೆಯ ಮಾತಾಗಬೇಕಿತ್ತು, ಆಗಿಲ್ಲ.

ನಮ್ಮ ದೊಡ್ಡತ್ತೆಗೆ ಹನ್ನೆರಡು ವರ್ಷದಿಂದ ಸಕ್ಕರೆ. ಒರೆಸಿದ ನೆಲದ ಮೇಲೆ ರಕ್ತದ ಗುರುತು ಕಂಡು ಸೊಸೆ ಕಾಲು ಹಿಡಿದು ನೋಡಿದರೆ, ಕಾಲುಂಗುರ ಬೆರಳಿನೊಳಕ್ಕೆ ಇಳಿದಿತ್ತು. “ನೋವೇ ಇಲ್ವಲ್ಲೇ, ಏನಾಗುತ್ತೆ?” ಎಂದರಂತೆ ಅತ್ತೆ. ಎರಡು ಬೆರಳು ತೆಗೆಯಬೇಕಾಯಿತು.

ಸಕ್ಕರೆಯಿಲ್ಲದ, ಅರಿವಿರುವ ಪಾದದ ಒಡೆದ ಹಿಮ್ಮಡಿಗೆ ಸಾಮಾನ್ಯವಾಗಿ ಕೊಬ್ಬರಿ ಎಣ್ಣೆಯೇ ಸಾಕು. ಕೀವು, ಹರಡುವ ಕೆಂಪು, ಜ್ವರ ಕಂಡರೆ ಆಸ್ಪತ್ರೆ. ಸಕ್ಕರೆಯವರ ಮಾತೇ ಬೇರೆ. ಆಣಿಗೆ ಬ್ಲೇಡು ಹಾಕುವುದಾಗಲಿ, ಔಷಧದ ಪಟ್ಟಿ ಅಂಟಿಸುವುದಾಗಲಿ ಕೂಡದು. ಬಿಸಿನೀರನ್ನು ಕಾಲಿಗೆ ಸುರಿದುಕೊಳ್ಳುವ ಮುಂಚೆ ಮೊಣಕೈ ಅದ್ದಿ ನೋಡಬೇಕು. ಚಿಕ್ಕ ಗಾಯವಾದರೂ, ನೋವಿಲ್ಲದೆ ಪಾದ ಊದಿ ಬಿಸಿಯಾದರೂ, ಬೆರಳು ಕಪ್ಪಾದರೂ ನಾಳೆ ಎನ್ನದೆ ಅಂದೇ ಹೋಗಬೇಕು. ಏನೂ ಆಗದಿದ್ದರೂ ವರ್ಷಕ್ಕೊಮ್ಮೆ ಪಾದ ತೋರಿಸಬೇಕು. ಹತ್ತು ಗ್ರಾಂ ಒತ್ತಡಕ್ಕೆ ಬಾಗುವ ನೈಲಾನ್ ಎಳೆಯೊಂದನ್ನು ಅಂಗಾಲಿಗೆ ಒತ್ತಿ, ಅರಿವಾಯಿತೇ ಎಂದು ಕೇಳುತ್ತಾರೆ. ಅರಿವಾಗದಿದ್ದರೆ ಅಲ್ಲಿಂದ ಮುಂದೆ ಕಣ್ಣೇ ನರ.

ಅತ್ತೆ ಈಗ ರಾತ್ರಿ ದಿಂಬಿಗೊರಗಿ, ಕೈಗನ್ನಡಿ ಹಿಡಿದು ಅಂಗಾಲು ನೋಡಿಕೊಳ್ಳುತ್ತಾರೆ. ಕಣ್ಣು ಮಂಜಾದ್ದರಿಂದ ಮೊಮ್ಮಗಳು ಪಕ್ಕದಲ್ಲಿ ಕೂತು ಟಾರ್ಚು ಬಿಡುತ್ತಾಳೆ. ಉಳಿದ ಕಾಲುಂಗುರವನ್ನು ಅಕ್ಕಸಾಲಿ ಸಡಿಲ ಮಾಡಿಕೊಟ್ಟಿದ್ದಾನೆ.