ಫ್ಲೇರ್ ಇಲ್ಲದ ಹೆಲಿಕಾಪ್ಟರ್

1999ರ ಮೇ 28. ಕಾರ್ಗಿಲ್‌ನ ತೋಲೋಲಿಂಗ್ ಶಿಖರದ ಮೇಲೆ ರಾಕೆಟ್ ದಾಳಿಗೆ ಹೋದ ವಾಯುಪಡೆಯ ಎಂಐ-17 ಹೆಲಿಕಾಪ್ಟರೊಂದು ಕ್ಷಿಪಣಿಯ ಏಟಿಗೆ ಉರುಳಿತು. ಒಳಗಿದ್ದ ನಾಲ್ವರೂ ಮಡಿದರು. ಸೈನಿಕರನ್ನೂ ಸಾಮಗ್ರಿಯನ್ನೂ ಹೊರಲೆಂದು ಹುಟ್ಟಿದ ಯಂತ್ರ ಅದು. ರಾಕೆಟ್ ಕಟ್ಟಿದ ಮಾತ್ರಕ್ಕೆ ಯುದ್ಧವಿಮಾನವಾದೀತೆ?

ಹೆಗಲ ಮೇಲಿಟ್ಟು ಹಾರಿಸುವ ಕ್ಷಿಪಣಿ ಎಂಜಿನ್ನಿನ ಬಿಸಿಯ ಜಾಡು ಹಿಡಿದು ಬರುತ್ತದೆ. ಅದನ್ನು ದಾರಿ ತಪ್ಪಿಸಲು ಉರಿಯುವ ಫ್ಲೇರ್‌ಗಳನ್ನು ಹಾರಿಸಬೇಕು. ಬಿದ್ದ ಹೆಲಿಕಾಪ್ಟರಿನಲ್ಲಿ ಆ ಸಾಧನವೇ ಇರಲಿಲ್ಲ. ಗುಂಡು ತಡೆಯಲು ಕವಚ ತೊಡಿಸೋಣವೆಂದರೆ, ತೆಳುಗಾಳಿಯ ಆ ಎತ್ತರದಲ್ಲಿ ಕವಚದ ಪ್ರತಿ ಕಿಲೋವನ್ನೂ ಹೊರೆಯಿಂದಲೇ ಕಳೆಯಬೇಕು.

ಆ ಬಳಿಕ ಎಂಐ-17ಗಳನ್ನು ದಾಳಿಯಿಂದ ಹಿಂತೆಗೆದುಕೊಂಡರು. ಬೆಂಗಳೂರಿನ ಎಚ್‌ಎಎಲ್ ತನ್ನ ಧ್ರುವದಿಂದಲೇ ರೂಪಿಸಿದ ರುದ್ರದಲ್ಲಿ 20 ಮಿ.ಮೀ. ಫಿರಂಗಿಯ ಜೊತೆಗೆ, ಬರುವ ಕ್ಷಿಪಣಿಯ ಸುಳಿವು ಕೊಡುವ ಸಾಧನವೂ ಫ್ಲೇರ್‌ಗಳೂ ಇವೆ.