ಆತಗೂರಿನ ಕಲ್ಲು, ಆಫೀಸಿನ ಪಾರ್ಕಿಂಗು

ಶಾಸನಗಳ ಬಗ್ಗೆ ಒಂಚೂರು ಆಸಕ್ತಿ ಇರೋರಿಗೆಲ್ಲ ಆತಕೂರು ಶಾಸನ ಗೊತ್ತಿರುತ್ತೆ. ಅದೇ, ನಾಯಿಗೆ ನಿಲ್ಲಿಸಿದ ಕಲ್ಲು! ಮದ್ದೂರು ತಾಲ್ಲೂಕಿನ ನಮ್ಮ ಆತಗೂರೇ ಶಾಸನದ ಆತಕೂರು. ಈ ಕಲ್ಲಿಗೂ ಬೆಂಗಳೂರಿನ ಆಫೀಸುಗಳ ಬೇಸ್‌ಮೆಂಟಿನಲ್ಲಿ ಸಾಲಾಗಿ ನಿಂತಿರೋ ಕಾರುಗಳಿಗೂ ಏನು ಸಂಬಂಧ ಅಂತೀರಾ? ಇದೆ. ಆಫೀಸಿನ ಪಾರ್ಕಿಂಗ್ ಜಾಗಕ್ಕೆ ತೆರಿಗೆ ಹಾಕಬೇಕೇ ಅನ್ನೋ ಪ್ರಶ್ನೆಗೆ ನನಗೆ ಸಿಕ್ಕ ಒಳ್ಳೆಯ ಉತ್ತರ ಈ ಕಲ್ಲಿನಲ್ಲೇ ಇದೆ. ಸ್ವಲ್ಪ ತಾಳ್ಮೆಯಿಂದ ಓದಿ :-)

ಮೊದಲು ಕಥೆ. ಕ್ರಿ.ಶ. 949ರ ಸುಮಾರಿಗೆ ತಕ್ಕೋಲದಲ್ಲಿ ರಾಷ್ಟ್ರಕೂಟರ ಮುಮ್ಮಡಿ ಕೃಷ್ಣನಿಗೂ ಚೋಳರಿಗೂ ದೊಡ್ಡ ಯುದ್ಧ. ಕೃಷ್ಣನ ಪರವಾಗಿ ನಿಂತ ಗಂಗರ ಇಮ್ಮಡಿ ಬೂತುಗ, ಚೋಳ ರಾಜಾದಿತ್ಯನನ್ನು ಕೊಂದ. ಆ ಯುದ್ಧದಲ್ಲಿ ಪರಾಕ್ರಮ ತೋರಿಸಿದ ಮಣಲೇರನಿಗೆ ಏನು ಬೇಕೋ ಕೇಳು ಅಂದರೆ, ಅವನು ಕೇಳಿದ್ದು ಬೂತುಗನ ಕಾಳಿ ಅನ್ನೋ ಬೇಟೆನಾಯಿಯನ್ನು! ಆಮೇಲೆ ಆ ಕಾಳಿ ಒಂದು ದೊಡ್ಡ ಹಂದಿಯ ಜೊತೆ ಕಾದಾಡಿ, ಎರಡೂ ಸತ್ತವು. ಅದರ ನೆನಪಿಗೆ ಆತಕೂರಿನ ಚಲ್ಲೇಶ್ವರ ದೇವಾಲಯದ ಮುಂದೆ ಕಲ್ಲು ನಿಂತಿತು.

ಎಲ್ಲರೂ ಹೇಳೋ ಕಥೆ ಇಲ್ಲಿಗೆ ಮುಗಿಯುತ್ತೆ. ನನಗೆ ಮುಖ್ಯ ಅನ್ನಿಸೋದು ಶಾಸನದ ಕೊನೆಯ ಭಾಗ. ಕಲ್ಲಿನ ಪೂಜೆ ನಡೆಯೋದಕ್ಕೆ ದೊಡ್ಡ ಕೆರೆಯ ಕೆಳಗೆ ಎರಡು ಕಂಡುಗದ ಭೂಮಿ ಬಿಟ್ಟರು. ಆ ಭೂಮಿಯನ್ನು ಹಾಳು ಮಾಡಿದವನು ನಾಡನ್ನು ಆಳುವವನೇ ಆಗಲಿ, ಊರನ್ನು ಆಳುವವನೇ ಆಗಲಿ, ನಾಯಿಯ ಪಾಪಕ್ಕೆ ಹೋಗುತ್ತಾನೆ. ಪೂಜೆ ಮಾಡಬೇಕಾದ ಗೊರವ ಪೂಜೆಗೆ ಮುಂಚೆ ಊಟ ಮಾಡಿದರೂ ಅದೇ ಪಾಪ. ಅಂದರೆ ಆದಾಯ ಎಲ್ಲಿಂದ ಬರುತ್ತೆ, ಯಾವುದಕ್ಕೆ ಹೋಗಬೇಕು, ಯಾರು ಜವಾಬ್ದಾರ, ತಪ್ಪಿದರೆ ಏನು ಅನ್ನೋ ನಾಲ್ಕೂ ಒಂದೇ ಕಲ್ಲಿನಲ್ಲಿ ಎಲ್ಲರ ಕಣ್ಣೆದುರಿಗೆ ಇದ್ದವು. ಇವತ್ತಿನ ಎಷ್ಟು ತೆರಿಗೆಗಳ ಬಗ್ಗೆ ಹೀಗೆ ಹೇಳಬಹುದು?

ಈಗ ಬೆಂಗಳೂರಿಗೆ ಬರೋಣ. 2007ರಲ್ಲಿ ಒಪ್ಪಿಗೆ ಪಡೆದ ಮಾಸ್ಟರ್ ಪ್ಲಾನ್ 2015ರ ನಿಯಮಗಳು ಆಫೀಸು ಕಟ್ಟಡದಲ್ಲಿ ಪ್ರತಿ 50 ಚದರ ಮೀಟರಿಗೆ ಒಂದು ಕಾರಿನ ಜಾಗ ಬಿಡಿ ಅಂದವು. ಓಡಾಡೋ ದಾರಿಯೂ ಸೇರಿದರೆ ಒಂದು ಕಾರಿಗೆ ಹತ್ತಿರ ಹತ್ತಿರ 25 ಚದರ ಮೀಟರ್ ಬೇಕು. ಅಂದರೆ ಎರಡು ಪಾಲು ಮನುಷ್ಯರಿಗೆ, ಒಂದು ಪಾಲು ಕಾರಿಗೆ. ಈ ಜಾಗದ ಖರ್ಚು ಕಟ್ಟಡದ ಬಾಡಿಗೆಯಲ್ಲಿ ಕರಗಿ ಹೋಗುತ್ತೆ, ಕಾರು ತರೋರಿಗೆ ಮಾತ್ರ ಪುಕ್ಕಟೆ ಅನ್ನಿಸುತ್ತೆ. ಅದೇ ಆಫೀಸಿಗೆ ಬಸ್ಸಿನಲ್ಲೋ ಮೆಟ್ರೋದಲ್ಲೋ ಬರೋರು ತಮ್ಮ ಜೇಬಿನಿಂದ ಟಿಕೆಟ್ ತಗೋತಾರೆ. 2025ರ ಫೆಬ್ರವರಿಯಲ್ಲಿ ನಮ್ಮ ಮೆಟ್ರೋದ ಗರಿಷ್ಠ ದರ 60 ರೂಪಾಯಿಯಿಂದ 90 ರೂಪಾಯಿಗೆ ಏರಿತು. ನಾನು ನೋಡಿದ ಆಫೀಸುಗಳಲ್ಲಿ ಬೇಸ್‌ಮೆಂಟಿನ ದರ ಮಾತ್ರ ಸೊನ್ನೆಯಲ್ಲೇ ಇತ್ತು!

ನಮ್ಮಲ್ಲಿ ಇದರ ಬಗ್ಗೆ ಯೋಚನೆಯೇ ನಡೆದಿಲ್ಲ ಅಂತಲ್ಲ. ಪಾರ್ಕಿಂಗ್ ಶುಲ್ಕ ಆ ನೆಲದ ಬೆಲೆಗೆ ತಕ್ಕಂತೆ ಇರಬೇಕು ಅಂತ ಕೇಂದ್ರದ ನಗರ ಸಾರಿಗೆ ನೀತಿ 2006ರಲ್ಲೇ ಹೇಳಿತ್ತು. 2021ರಲ್ಲಿ ಬೆಂಗಳೂರಿನ ಪಾರ್ಕಿಂಗ್ ನೀತಿ 2.0ಕ್ಕೆ ಸರ್ಕಾರದ ಒಪ್ಪಿಗೆ ಸಿಕ್ಕಿತು, ಆದರೆ ಅದರ ಒತ್ತು ಹೆಚ್ಚಾಗಿ ರಸ್ತೆ ಬದಿಯ ಪಾರ್ಕಿಂಗಿನ ಮೇಲೆ. ಬೇಸ್‌ಮೆಂಟಿನೊಳಗೆ ನಿಲ್ಲೋ ಕಾರು ಬೆಳಗ್ಗೆ ಒಂಬತ್ತಕ್ಕೆ ಬರೋದೂ ಅದೇ ರಸ್ತೆಯಲ್ಲಿ ಅಲ್ವೇ?

ಹೊರಗಿನವರು ಏನು ಮಾಡಿದರು ನೋಡೋಣ. ಸಿಡ್ನಿಯಲ್ಲಿ 1992ರ ಕಾಯಿದೆಯಿಂದ ನಗರ ಕೇಂದ್ರದ ಪಾರ್ಕಿಂಗ್ ಜಾಗಗಳಿಗೆ ತೆರಿಗೆ ಬಂತು, ಶುರುವಿನಲ್ಲಿ ವರ್ಷಕ್ಕೆ ಒಂದು ಜಾಗಕ್ಕೆ 200 ಡಾಲರ್. ಪರ್ತ್ 1999ರಲ್ಲಿ ಕಾಯಿದೆ ಮಾಡಿ, ಬಂದ ಹಣದಿಂದ ನಗರದ ಮಧ್ಯೆ ಉಚಿತ ಬಸ್ಸು ಓಡಿಸಿತು. ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್ 2012ರ ಏಪ್ರಿಲ್‌ನಿಂದ ನೇರವಾಗಿ ಕೆಲಸದ ಜಾಗದ ಪಾರ್ಕಿಂಗಿಗೇ ತೆರಿಗೆ ಹಾಕಿತು. ಮೊದಲ ವರ್ಷ ಒಂದು ಜಾಗಕ್ಕೆ 288 ಪೌಂಡ್. ಕಟ್ಟಬೇಕಾದವರು ಕಂಪನಿಗಳು, ಅದನ್ನು ನೌಕರರಿಂದ ವಸೂಲು ಮಾಡೋದು ಬಿಡೋದು ಅವರಿಗೇ ಬಿಟ್ಟದ್ದು. ಹತ್ತು ಜಾಗ ಅಥವಾ ಅದಕ್ಕಿಂತ ಕಡಿಮೆ ಇರೋ ಸಣ್ಣ ಸಂಸ್ಥೆಗಳಿಗೆ ವಿನಾಯಿತಿ, ಅಂಗವಿಕಲರ ಜಾಗಕ್ಕೂ ವಿನಾಯಿತಿ.

ನಾಟಿಂಗ್‌ಹ್ಯಾಮಿನ ಕಂಪನಿಗಳೇನು ಖುಷಿಯಿಂದ ಒಪ್ಪಲಿಲ್ಲ, ವಿರೋಧ ಜೋರಾಗೇ ಇತ್ತು. ಆದರೂ ತೆರಿಗೆ ನಿಂತಿತು. ಯಾಕೆ? ಬ್ರಿಟನ್ನಿನ 2000ದ ಸಾರಿಗೆ ಕಾಯಿದೆಯ ಪ್ರಕಾರ ಆ ಹಣ ಸ್ಥಳೀಯ ಸಾರಿಗೆಗೇ ಹೋಗಬೇಕು. 2015ರಲ್ಲಿ ಎರಡು ಹೊಸ ಟ್ರಾಮ್ ಮಾರ್ಗಗಳು ಓಡಿದಾಗ ಜನ ಕಣ್ಣಾರೆ ನೋಡಿದರು. ನಮ್ಮ ಶಾಸನದ ಭಾಷೆಯಲ್ಲಿ ಹೇಳೋದಾದರೆ, ಭೂಮಿಯೂ ಪೂಜೆಯೂ ಒಂದೇ ಕಲ್ಲಿನಲ್ಲಿದ್ದವು.

ಇದಕ್ಕೆ ಇನ್ನೊಂದು ಮುಖವೂ ಇದೆ. ಪರ್ತ್‌ನಲ್ಲಿ ಹಣ ಸರಿಯಾಗಿ ಖರ್ಚಾಗದೆ ಖಾತೆಯಲ್ಲೇ ಬೆಳೆಯುತ್ತಿದೆ ಅಂತ ಟೀಕೆ ಬಂತು. ಗೊರವ ಪೂಜೆ ಮಾಡದೇ ಕೂತ ಹಾಗೆ! ಬೀಗ ಹಾಕಿಟ್ಟರೆ ಸಾಲದು, ಕೆಲಸವೂ ನಡೆಯಬೇಕು.

ನಮ್ಮ ರಾಜ್ಯದ ನಗರ ಯೋಜನಾ ಕಾಯಿದೆಯ 18ಎ ಕಲಂನಲ್ಲಿ, ಕಟ್ಟೋಕೆ ಅನುಮತಿ ಕೊಡುವಾಗಲೇ ನೀರು, ವರ್ತುಲ ರಸ್ತೆ, ಕೊಳೆಗೇರಿ ಸುಧಾರಣೆ, ಸಮೂಹ ಸಾರಿಗೆ ಅಂತ ಉಪಕರ ವಸೂಲು ಮಾಡೋ ಅವಕಾಶ ಇದೆ. ಹೆಸರೇನೋ ಚೆನ್ನಾಗಿದೆ. ಆದರೆ ಉಪಕರ ಕಟ್ಟಿದವನಿಗೆ "ನೋಡಪ್ಪಾ, ನೀನು ಕೊಟ್ಟ ದುಡ್ಡಿನ ಬಸ್ಸು ಇದು" ಅಂತ ತೋರಿಸೋರು ಯಾರು? ಹೊಸ ತೆರಿಗೆ ಅಂದ ಕೂಡಲೇ ಜನ ಸಿಡಿಮಿಡಿ ಅನ್ನೋದು ಜಿಪುಣತನದಿಂದ ಅಂತ ನನಗನ್ನಿಸಲ್ಲ. ಕಲ್ಲು ಎಲ್ಲಿದೆ ಅಂತ ಅವರು ಕೇಳ್ತಿದಾರೆ, ಅಷ್ಟೆ.

ಬಸ್ಸೇ ಸರಿಯಾಗಿ ಬರದ ಕಡೆ ಕಾರು ತರಬೇಡ ಅನ್ನೋದು ಅನ್ಯಾಯ ಅಂತ ನೀವು ಹೇಳಬಹುದು. ಒಪ್ಪಿದೆ. ರಾತ್ರಿ ಪಾಳಿಯವರ ಕಷ್ಟವೂ ನಿಜ. ಅದಕ್ಕೇ ಮೆಟ್ರೋ ಈಗಾಗಲೇ ಮುಟ್ಟಿರೋ ಜಾಗಗಳಲ್ಲಿ, ದೊಡ್ಡ ಆಫೀಸುಗಳಿಂದ ಮಾತ್ರ ಶುರು ಮಾಡಲಿ ಅನ್ನೋದು ನನ್ನ ಅನಿಸಿಕೆ. ವೈಟ್‌ಫೀಲ್ಡಿಗೆ 2023ರಲ್ಲಿ ಮೆಟ್ರೋ ಬಂತು, ಎಲೆಕ್ಟ್ರಾನಿಕ್ ಸಿಟಿಗೆ 2025ರ ಆಗಸ್ಟ್‌ನಲ್ಲಿ. ಅಲ್ಲಿ ಸಿಗೋ ಹಣ ಅಲ್ಲಿಯ ಸ್ಟೇಷನ್ನಿಂದ ಆಫೀಸಿಗೆ ಹೋಗೋ ಬಸ್ಸಿಗೆ, ನಡೆಯೋಕೆ ಯೋಗ್ಯವಾದ ಫುಟ್‌ಪಾತಿಗೆ ಮಾತ್ರ. ವರ್ಷಕ್ಕೊಮ್ಮೆ ಲೆಕ್ಕವನ್ನು ಸ್ಟೇಷನ್ ಬಾಗಿಲಲ್ಲೇ ದೊಡ್ಡ ಅಕ್ಷರದಲ್ಲಿ ಬರೆದು ಹಾಕಲಿ. ಶಾಪ ಬೇಡ, ಲೆಕ್ಕ ಸಾಕು!

ಅಂದ ಹಾಗೆ, ಆತಗೂರಿನ ಕಲ್ಲು ಈಗ ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಪಾರ್ಕಿಂಗ್ ಬಗ್ಗೆ ಕಾಯಿದೆ ಬರೆಯೋ ಅಧಿಕಾರಿಗಳು ಒಮ್ಮೆ ಹೋಗಿ ಅದನ್ನು ಓದಿ ಬರಲಿ ಅನ್ನೋದು ನನ್ನ ಆಸೆ. ಹೋಗುವಾಗ ಮೆಟ್ರೋದಲ್ಲೇ ಹೋಗಲಿ, ಕಬ್ಬನ್ ಪಾರ್ಕ್ ಸ್ಟೇಷನ್ ಹತ್ತಿರವೇ ಇದೆ :-)

ನೀವೇನಂತೀರಾ?